ಇಂಗ್ಲಿಷಿನಲ್ಲಿ ಕೈಕೊಡುವುದು

ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ಮೇಡಂ ಅಂದು ಬೋರ್ಡಿನ ಮೇಲೆ ಒಂದೇ ಪದ ಬರೆದರು: ಹ್ಯಾಂಡ್. "ಕೈ ಅಂತ ಎಲ್ರಿಗೂ ಗೊತ್ತು. ಇದರ ಹಿಂದೆ ಮುಂದೆ ಏನೇನು ಸೇರಿಸ್ಬಹುದು, ಹೇಳಿ ನೋಡೋಣ."

"ಹ್ಯಾಂಡ್‌ಬ್ಯಾಗ್" ಎಂದಿತು ಮುಂದಿನ ಬೆಂಚು. ಹೊಲಿಗೆ ಅಂಗಡಿಯಾಕೆ "ಹ್ಯಾಂಡ್‌ಮೇಡ್" ಎಂದಳು. ಅವಳ ಪಕ್ಕದಲ್ಲಿ ಕೂರುತ್ತಿದ್ದ ಪ್ಲಂಬರ್ ತಲೆ ಕೆರೆದುಕೊಂಡು, "ಸೆಕೆಂಡ್‌ಹ್ಯಾಂಡ್, ಮೇಡಂ. ನನ್ನ ಸ್ಕೂಟರು" ಎಂದ.

ಆಮೇಲೆ ನುಡಿಗಟ್ಟುಗಳ ಸರದಿ. 'ಗಿವ್ ಮಿ ಎ ಹ್ಯಾಂಡ್' ಎಂದರೆ 'ಒಂದಿಷ್ಟು ಸಹಾಯ ಮಾಡಿ' ಎಂದರ್ಥ ಎಂದು ಮೇಡಂ ಹೇಳಿದರು.

"ಅಂದ್ರೆ ಅವರಲ್ಲಿ ಕೈಕೊಟ್ಟೋರೇ ಪುಣ್ಯವಂತರು!" ಎಂದಳು ಹೊಲಿಗೆಯಾಕೆ. "ನಮ್ಮಲ್ಲಿ ಕೈಕೊಟ್ಟೋರು ತಿರುಗಿಯೂ ನೋಡಲ್ಲ."

ತರಗತಿಯೆಲ್ಲ ಘೊಳ್ಳೆಂದಿತು. ಪ್ಲಂಬರ್ ಮಾತ್ರ ನಗಲಿಲ್ಲ. ಅವಳಿಗೆ ನಿಶ್ಚಯವಾಗಿದ್ದ ವರ ಮದುವೆಯ ಹೊಸ್ತಿಲಲ್ಲೇ ಹೇಳದೆ ಕೇಳದೆ ಊರು ಬಿಟ್ಟಿದ್ದು ಬೀದಿಗೆಲ್ಲ ತಿಳಿದ ಸಂಗತಿ. ಊರವರು ಆಡಿಕೊಳ್ಳುವ ಮುಂಚೆ ತಾನೇ ಆಡಿಕೊಂಡುಬಿಡುವುದನ್ನು ಅವಳು ಆಗಿನಿಂದ ರೂಢಿ ಮಾಡಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಅವಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಿಂಕಿನ ಕೆಳಗಿನ ಪೈಪು ಒಡೆಯಿತು. ನೀರು ಇಸ್ತ್ರಿ ಮೇಜಿನ ಕಡೆಗೇ ಚಿಮ್ಮಿತು. ಅವಳಿಗೆ ಕೈಕಾಲೇ ಆಡಲಿಲ್ಲ. ಜೊತೆಗಿದ್ದ ಅವಳ ಅಮ್ಮ ಬಟ್ಟೆಗಳನ್ನು ಬಾಚಿಕೊಂಡು ಓಡಿದಳು. ಫೋನ್ ಮಾಡಿದ್ದೇ ತಡ, ಪ್ಲಂಬರ್ ಚಪ್ಪಲಿಯನ್ನೂ ಬಿಡದೆ ಒಳನುಗ್ಗಿ ಸಿಂಕಿನಡಿ ತೂರಿದ. ಬಿರುಕನ್ನು ಒಂದು ಅಂಗೈಯಲ್ಲಿ ಒತ್ತಿ ಹಿಡಿದ. ಇನ್ನೊಂದಕ್ಕೆ ಸ್ಪ್ಯಾನರ್ ಎಟುಕಲಿಲ್ಲ.

"ಇವ್ರೇ, ಗಿವ್ ಮಿ ಎ ಹ್ಯಾಂಡ್!"

"ಇಂಥ ಹೊತ್ತಲ್ಲಿ ಯಾಕ್ರೀ ಕೈಕೊಡೋ ಮಾತು?"

"ಅಯ್ಯೋ, ಇಂಗ್ಲಿಷಲ್ಲಿ ಕೊಡಿ, ನಮ್ಮ ಭಾಷೇಲಲ್ಲ!"

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮಂಡಿಯೂರಿ, ಅವನು ತೋರಿಸಿದ ಕಡೆ ಒತ್ತಿ ಹಿಡಿದಳು. ಇಬ್ಬರೂ ತಲೆಯಿಂದ ಕಾಲಿನವರೆಗೆ ತೊಯ್ದರು. ಅವನು ಸ್ಪ್ಯಾನರ್ ಎಳೆದುಕೊಂಡು ವಾಲ್ವ್ ತಿರುಗಿಸಿದ ಮೇಲೆ ನೀರು ನಿಂತಿತು.

ಹೊಸ ಪೈಪು ಕೂರಿಸಿದವನು ಹೊರಡಲಿಲ್ಲ. ಒರೆಸಿದ್ದ ಉಪಕರಣಗಳನ್ನೇ ಮತ್ತೆ ಒರೆಸುತ್ತ, ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ಹೇಳಿದ: "ಅಮ್ಮಾ, ನಿನ್ನೆ ಕ್ಲಾಸ್ ಮುಗಿದ ಮೇಲೆ ಮೇಡಂ ಹತ್ರ ಇನ್ನೊಂದು ಮಾತು ಕೇಳಿ ಕಲಿತ್ಕೊಂಡೆ. ಹೆಣ್ಣು ಕೇಳೋದಕ್ಕೆ ಇಂಗ್ಲಿಷಲ್ಲಿ ಕೈ ಕೇಳೋದು ಅಂತಾರಂತೆ." ಅವನ ಕಿವಿ ಕೆಂಪಗಾಗಿತ್ತು. "ನಾನು... ಅದನ್ನೇ ಕೇಳೋಣ ಅಂತ."

ಅಮ್ಮ ಮಗಳನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. "ಕೈ ಒಂದನ್ನೇ ಕೇಳಿದ್ರೆ ಹೇಗಪ್ಪಾ? ಇವಳ ಬಾಯೂ ಜೊತೇಲಿ ಬರುತ್ತೆ. ತಡ್ಕೊಳ್ತೀಯಾ?"

"ಕೈ ನಂದು. ನನ್ನನ್ನ ಕೇಳೋರೇ ಇಲ್ವಾ?" ಎಂದಳು ಮಗಳು.

ಅವನು ಎದ್ದು ಅವಳತ್ತ ತಿರುಗಿದ. ಕಲಿತ ಇಂಗ್ಲಿಷೆಲ್ಲ ಮರೆತೇಹೋಗಿತ್ತು. "ನನ್ನನ್ನ ಮದುವೆ ಆಗ್ತೀರಾ?"

ಹೇಳದೆ ಕೇಳದೆ ಹೋದವನು ಅವಳಿಗೆ ನೆನಪಾದ. ಎದುರಿಗಿದ್ದವನು ಒದ್ದೆ ಕೋಳಿಯ ಹಾಗೆ ನಡುಗುತ್ತಿದ್ದ. ಆದರೆ ನಿಂತಲ್ಲಿಂದ ಕದಲಿರಲಿಲ್ಲ. ಅವಳು ಟವೆಲ್ಲನ್ನು ಅವನ ಕೈಗಿತ್ತು, ಮೊಳೆಯಲ್ಲಿ ತೂಗುಹಾಕಿದ್ದ ಅಳತೆ ಟೇಪು ತೆಗೆದಳು.

"ಮೊದ್ಲು ತಲೆ ಒರೆಸ್ಕೊಳ್ಳಿ. ಆಮೇಲೆ ನೆಟ್ಟಗೆ ನಿಂತ್ಕೊಳ್ಳಿ. ಮದುವೆ ಕೋಟು ಅಂದಾಜಲ್ಲಿ ಹೊಲಿಯೋಕಾಗಲ್ಲ."