ಬಿಟ್ಟಿ ಬೋರ್ಡಿಂಗಿನ ಜಾಗ

ಸೋಮಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿ, ತಮ್ಮ ಪರಪ್ಪ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ ಕೌಜಲಗಿಯ ಆ ಮನೆಯ ಮುಂದೆ ಟಾಂಗಾ ನಿಂತಿತು. ಇಳಿದವನು ಗುರುಲಿಂಗಪ್ಪ. ಸತ್ತವನ ಸಾಲೆಯ ಗೆಳೆಯ, ಈಗ ಗೋಕಾಕದಲ್ಲಿ ವಕೀಲ.

“ದಾರಿ ಬಿಡ್ರೋ, ವಕೀಲಸಾಹೇಬ್ರು ಬಂದಾರ,” ಎಂದ ಪರಪ್ಪ. “ನೋಡ್ರಿ ಸಾಹೇಬ್ರ, ನಮ್ಮ ಕಾಲೇಜ ಸೋಮ್ಯಾ ಹೊಂಟ.”

ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು. ಇಪ್ಪತ್ತೈದು ವರ್ಷ ಊರು ಅವನನ್ನು ಕರೆದದ್ದೇ ಹಾಗೆ.

“ಧಾರವಾಡಕ್ಕ ಹ್ವಾದಾಂವ ಮೂರೇ ದಿನಕ್ಕ ಓಡಿ ಬಂದ. ಅವ್ವನ್ನ ಬಿಟ್ಟಿರಾಕ ಆಗಲಿಲ್ಲಂತ!” ಪರಪ್ಪನ ದನಿ ಒಡೆಯಿತು. “ನಾನೂ ಭಾಳ ಹಂಗಿಸೇನ್ರಿ.”

ಸೋಮಪ್ಪನ ಹೆಂಡತಿ ಬಾಳವ್ವ ಸೆರಗಿನಿಂದ ಮೂಗೊರೆಸಿಕೊಂಡಳು. “ಅಣ್ಣಾರ, ನೀವು ಕೂಡೇ ಹೋಗಿದ್ರಿ. ಖರೇ ಹೇಳ್ರಿ, ಅಷ್ಟ ಅಂಜುಬುರಕ ಇದ್ರೇನ್ರಿ ಇವರು?”

ಗುರುಲಿಂಗಪ್ಪ ಬಾಗಿ ಚಪ್ಪಲಿ ಬಿಚ್ಚತೊಡಗಿದ.

*

ಆಗ ಧಾರವಾಡದ ಕಾಲೇಜಿಗೆ ಹೋದವರಿಗೆ ಇರಲು ಸರಕಾರಿ ಹಾಸ್ಟೆಲು, ಬಾಡಿಗೆ ಖೋಲಿ, ಇಲ್ಲವೆ ಬಡ ಹುಡುಗರ ಬಿಟ್ಟಿ ಬೋರ್ಡಿಂಗು. ಹೊಲಮನೆ ಬೇಕಾದಷ್ಟಿದ್ದರೂ ಗುರುಲಿಂಗಪ್ಪನ ಅಪ್ಪ ಕೈ ಬಿಚ್ಚುವವನಲ್ಲ. “ಬಿಟ್ಟಿ ಸಿಕ್ಕರ ಓದು, ಇಲ್ಲಂದ್ರ ತಿರುಗಿ ಬಾ,” ಎಂದಿದ್ದ.

ಬೋರ್ಡಿಂಗಿನ ಪಡಸಾಲೆಯಲ್ಲಿ ಸರದಿ ಕಾಯುವಾಗ ಗುರುಲಿಂಗಪ್ಪ ಪಿಸುಗುಟ್ಟಿದ: “ಸೋಮ್ಯಾ, ನಿನ್ನ ಹರಕ ಅಂಗಿ ಕೊಡೋ. ಹೊರಗ ಬಂದ ಕೂಡ್ಲೆ ಕೊಡತೇನಿ.”

“ತಗೋ ಮಾರಾಯಾ. ನಿನ್ನ ಕೋಟಿನ್ಯಾಗ ನಾನೂ ಒಂದ ಗಳಿಗಿ ಗೌಡ ಆಗತೇನಿ.”

ಹರಕು ಅಂಗಿಗೆ ಜಾಗ ಸಿಕ್ಕಿತು. ಬದಲಿಸಿಕೊಳ್ಳುವ ಮೊದಲೇ ಸೋಮಪ್ಪನ ಹೆಸರು ಕೂಗಿದರು. ಹಿರಿಯರೊಬ್ಬರು ಬಾಗಿಲಲ್ಲೇ ಅವನನ್ನು ತಡೆದರು.

“ಇಂಥಾ ಕೋಟ ಹಾಕ್ಕೊಂಡಾವಗ ಬಿಟ್ಟಿ ಕೂಳ ಯಾಕ್ಬೇಕೋ? ನಡಿ ಹೊರಗ!”

ಸೋಮಪ್ಪ ತಿರುಗಿ ಗೆಳೆಯನನ್ನು ನೋಡಿದ. ಗುರುಲಿಂಗಪ್ಪ ನೆಲ ನೋಡಿದ. ಖರೆ ಹೇಳಿದರೆ ಅವನ ಜಾಗ ಹೋಗುತ್ತಿತ್ತು. ಅದಕ್ಕೇ, ಖೋಲಿಗೆ ದುಡ್ಡಿಲ್ಲದೆ ಊರಿಗೆ ತಿರುಗಬೇಕಾದರೂ, ಸೋಮಪ್ಪನೂ ಹೇಳಲಿಲ್ಲ. ಅಂದೂ ಇಲ್ಲ, ಮುಂದೆಂದೂ ಇಲ್ಲ.

*

ಹೆಣವನ್ನು ಕುಣಿಯೊಳಗೆ ಇಳಿಸಿ ಕೂಡಿಸಿದರು. ಬಂದವರೆಲ್ಲ ಬಿಲ್ವಪತ್ರಿ ಏರಿಸಿದ ಮೇಲೆಯೇ ಮಣ್ಣು. ಪರಪ್ಪ ಬುಟ್ಟಿ ಹಿಡಿದು ಹಂಚುತ್ತ ಬಂದ.

“ಪರಪ್ಪಾ,” ಗುರುಲಿಂಗಪ್ಪ ಗಟ್ಟಿಯಾಗಿಯೇ ಹೇಳಿದ, “ನಿಮ್ಮಣ್ಣ ಓಡಿ ಬಂದಿಲ್ಲೋ. ಅವನ ಅಂಗಿ ತೊಟ್ಟು ನಾ ಬಡವ ಅನಿಸಿಕೊಂಡೆ. ನನ್ನ ಕೋಟ ನೋಡಿ ಅವನ್ನ ಹೊರಗ ಹಾಕಿದ್ರು. ನಾ ಬಾಯಿ ಬಿಡಲಿಲ್ಲ.”

ಬಾಳವ್ವನ ಅಳು ತಟ್ಟನೆ ನಿಂತಿತು. ಕುಣಿಯ ಕಡೆ ಬಾಗಿ, “ನನಗರೆ ಹೇಳಬಾರದಿತ್ತ?” ಎಂದಳು.

ಗುರುಲಿಂಗಪ್ಪ ಪತ್ರಿಗೆ ಕೈ ಒಡ್ಡಿದ. ಪರಪ್ಪ ಅವನ ಮುಖ ನೋಡಲಿಲ್ಲ. ಬುಟ್ಟಿಯನ್ನು ಮಗ್ಗುಲಿನ ಮುದುಕನ ಮುಂದೆ ಹಿಡಿದ, ಆಮೇಲೆ ಅವನಾಚೆಯವನ ಮುಂದೆ. ಜನ ಒಬ್ಬೊಬ್ಬರಾಗಿ ಕುಣಿಯತ್ತ ಸರಿದರು. ವಕೀಲರ ಅಂಗೈ ಒಡ್ಡಿದ್ದು ಒಡ್ಡಿದಂತೆಯೇ ಇತ್ತು.