ಅಣ್ಣನ ಹೆಸರಿನ ಹಳೇ ಕೇಸು

ನಮ್ಮ ಯಜಮಾನರಿಗೆ ಮದುವೆಗೆ ಮುಂಚೆಯೇ ಒಂದು ಹೊಡೆದಾಟದ ಕೇಸಿನಲ್ಲಿ ಶಿಕ್ಷೆಯಾಗಿತ್ತು. ಮುಚ್ಚಿಡದೆ ಹೇಳಿಯೇ ನನ್ನನ್ನು ಕಟ್ಟಿಕೊಂಡರು. ಕುಶನ್ ಅಂಗಡಿಯಲ್ಲಿ ದಿನವಿಡೀ ಬಾಯಲ್ಲಿ ಮೊಳೆ ಕಚ್ಚಿಕೊಂಡು ಸೋಫಾಕ್ಕೆ ಬಟ್ಟೆ ಹೊಡೆಯುವ ಮನುಷ್ಯ, ಜಗಳ ಆಡಲು ಇವರಿಗೆ ಬಾಯಾದರೂ ಎಲ್ಲಿ ಖಾಲಿಯಿತ್ತೋ ಎಂದು ನಾನು ಕಾಲೆಳೆಯುತ್ತಿದ್ದೆ. ಇವರು ನಕ್ಕು ಮತ್ತೆ ಸುತ್ತಿಗೆ ಎತ್ತಿಕೊಳ್ಳುತ್ತಿದ್ದರು.

ಮೊನ್ನೆ ಒಬ್ಬ ಗಿರಾಕಿ ಹೊಸ ಬಟ್ಟೆಯ ಮೇಲೆ ಚಪ್ಪಲಿಗಾಲಿಟ್ಟು ಬಾಯಿಗೆ ಬಂದಂತೆ ಬೈದ. ಇವರ ಜೊತೆ ಅಂಗಡಿಯಲ್ಲೇ ಇದ್ದ ಮೈದುನ ಅವನನ್ನು ಹಿಂದಿನಿಂದ ತಳ್ಳಿದ. ಬಿದ್ದವನ ಕೈ ಮುರಿಯಿತು. ಊಟದ ಡಬ್ಬಿ ಹಿಡಿದು ನಾನು ಅಲ್ಲೇ ಇದ್ದೆ. ಪೊಲೀಸರು ಬಂದಾಗ ಇವರು ಮೊಳೆ ಉಗುಳಿ, "ತಳ್ಳಿದ್ದು ನಾನೇ ಸಾರ್" ಅಂದುಬಿಟ್ಟರು. ಕಣ್ಣಲ್ಲೇ ನನ್ನ ಬಾಯಿ ಮುಚ್ಚಿಸಿದರು.

ವಕೀಲಮ್ಮ ತಲೆ ಚಚ್ಚಿಕೊಂಡರು. "ಮೊದಲ ತಪ್ಪಾಗಿದ್ರೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟುಬಿಡ್ತಿದ್ರು. ನಿಮಗೆ ಹಳೇ ಶಿಕ್ಷೆ ಇದೆ, ಅದೂ ಹೊಡೆದಾಟದ್ದೇ. ಈ ಸಲ ಜೈಲೇ."

ಜಾಮೀನು ಸಿಕ್ಕಿ ಮನೆಗೆ ಬಂದಮೇಲೆ ನಾನು ರೇಗಿದೆ. "ತಮ್ಮ ಒಪ್ಪಿಕೊಂಡ್ರೆ ಮುಚ್ಚಳಿಕೆ, ನೀವು ಒಪ್ಪಿಕೊಂಡ್ರೆ ಜೈಲು. ಇಷ್ಟೂ ಬುದ್ಧಿ ಬೇಡ್ವೇನ್ರೀ?"

"ಅವನ ಹೆಸರು ಚೊಕ್ಕವಾಗಿದೆ ಕಣೇ, ಹಾಗೇ ಇರ್ಲಿ. ನಂದು ಹೇಗೂ ಕೆಟ್ಟಿದೆ."

ಮೈದುನ ಊಟದ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ. ಅವನನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೋರ್ಟಿನಲ್ಲಿ ಇವರು ತಪ್ಪೊಪ್ಪಿಕೊಂಡರು. ಸರ್ಕಾರಿ ವಕೀಲರು ಹಳೇ ಶಿಕ್ಷೆಯನ್ನು ಓದಿ, ಕಠಿಣ ಶಿಕ್ಷೆಯೇ ಆಗಬೇಕೆಂದರು. ಆಗ ಮೈದುನ ಎದ್ದ.

"ಸ್ವಾಮಿ, ತಳ್ಳಿದ್ದು ನಾನು."

"ನೋಡಿದವರಿದ್ದಾರಾ?" ಎಂದರು ಜಡ್ಜ್.

"ನಾನು ನೋಡಿದೀನಿ," ಎಂದೆ. ಇವರ ಮುಖ ನೋಡುವ ಧೈರ್ಯವಾಗಲಿಲ್ಲ. ವಕೀಲಮ್ಮ, "ಸಾಕು, ಕೂತ್ಕೊ. ನಿಂದು ಮೊದಲ ತಪ್ಪು, ಬಿಟ್ಟುಬಿಡ್ತಾರೆ" ಎಂದು ಮೈದುನನ ತೋಳು ಜಗ್ಗಿದರು.

ಅವನು ಕೂರಲಿಲ್ಲ. "ಆ ಹಳೇದೂ ನಂದೇ ಸ್ವಾಮಿ. ಆಗ ತಾನೇ ಕಾಲೇಜು ಸೇರಿದ್ದೆ. ಹೊಡೆದದ್ದು ನಾನು, ಕಟಕಟೆ ಹತ್ತಿದ್ದು ಅಣ್ಣ."

ಜಡ್ಜ್ ಅಣ್ಣತಮ್ಮಂದಿರಿಬ್ಬರಿಗೂ ಚೆನ್ನಾಗಿ ಛೀಮಾರಿ ಹಾಕಿದರು. ಕೇಸು ಮೈದುನನ ಹೆಸರಿಗೆ ತಿರುಗಿತು. ತೀರ್ಪಿನ ದಿನ, ಇದು ಮೊದಲ ತಪ್ಪಲ್ಲವೆಂದು ನೀನೇ ಹೇಳಿದ್ದೀಯಲ್ಲ ಎಂದು ಮುಚ್ಚಳಿಕೆ ಬಿಟ್ಟು ಮೂರು ತಿಂಗಳು ಜೈಲು ವಿಧಿಸಿದರು.

ಹೊರಗೆ ಇವರು ತಮ್ಮನ ಕಾಲರ್ ಹಿಡಿದು ಗೊಳೋ ಎಂದು ಅತ್ತರು. "ಹಳೇದನ್ನ ಯಾಕೆ ಎತ್ತಿದೆಯೋ ಕತ್ತೆ? ಅದೊಂದು ಹೇಳದಿದ್ರೆ ಮನೆಗೆ ಬರ್ತಿದ್ದೆಯಲ್ಲೋ!"

"ಅತ್ತಿಗೆಗೆ ಗೊತ್ತಾಗಬೇಕಿತ್ತಲ್ಲ ಅಣ್ಣ."

ಪೊಲೀಸಿನವನು ಹೊತ್ತಾಯಿತು ಎನ್ನುವವರೆಗೂ ಇಬ್ಬರ ಕೈಯನ್ನೂ ಹಿಡಿದುಕೊಂಡು ನಿಂತಿದ್ದೆ.