ಯಾರೂ ಕೂರದ ಚಪ್ಪಡಿ

ಚಿಕ್ಕತಾಯಮ್ಮ ತೊಟ್ಟಿಯಲ್ಲಿ ತೆಂಗಿನ ನಾರು ತೊಳೆಯುತ್ತಿದ್ದಳು. ಕಂದು ನೀರು ಚೆಲ್ಲುವಳು, ಮತ್ತೆ ತುಂಬುವಳು. ಹಿಂದೊಮ್ಮೆ ತೊಳೆಯದೆ ಬೆರೆಸಿದ್ದಕ್ಕೆ ಸಿಮೆಂಟು ಮೂರು ದಿನವಾದರೂ ಹಸಿಮಣ್ಣಿನಂತೆಯೇ ಇತ್ತಂತೆ. ಈ ಸಲ ನೀರು ತಿಳಿಯಾಗುವವರೆಗೂ ಅವಳು ಬಿಡಲಿಲ್ಲ. ಹಗ್ಗಕ್ಕೂ ಬಾರದೆ ಸುಡುವ ಗುಡ್ಡೆಗೆ ಹೋಗಬೇಕಿದ್ದ ಆ ತುಂಡು ನಾರನ್ನು ಮರಳು, ಜಲ್ಲಿ, ಸಿಮೆಂಟಿನೊಡನೆ ಕಲಸಿ ಅಚ್ಚಿಗೆ ತುಂಬಿದಳು. ಹಾಗೆ ಹುಟ್ಟಿದ ಚರಂಡಿ ಚಪ್ಪಡಿ ನಾನು.

ಅದೇ ದಿನ ನನ್ನ ಪಕ್ಕದಲ್ಲಿ ಇನ್ನೊಬ್ಬ ಹುಟ್ಟಿದ. ಅವನ ಹೊಟ್ಟೆಯಲ್ಲಿ ಕಬ್ಬಿಣದ ಸರಳು.

"ಏನಮ್ಮಿ, ನಾರಾಕಿದ್ರೆ ಚಪ್ಪಡಿ ಆಯ್ತದಾ, ಚಾಪೆ ಆಯ್ತದಾ?" ಎಂದು ಚಪ್ಪಡಿ ಕಾರ್ಖಾನೆಯ ಮಾಲೀಕ ರುದ್ರೇಶಣ್ಣ ನಕ್ಕ.

"ನಿಮ್ಮನೆ ಬಾವಿಯಿಂದ ಕೊಡ ಎಳ್ದಿದ್ದು ನಾರಿನ ಹಗ್ಗಾನೇ ಅಲ್ವಾ ಅಣ್ಣ? ಒಂದ್ಸಲನಾದ್ರೂ ಕೈ ಕೊಡ್ತಾ?"

"ಆಯ್ತು ಬಿಡು. ಒಡದೋದ್ರೆ ಮತ್ತೆ ನಾರಿನ ಸುದ್ದಿ ಎತ್ತಂಗಿಲ್ಲ."

ಇಪ್ಪತ್ತೆಂಟು ದಿನ ಇಬ್ಬರಿಗೂ ಒಂದೇ ನೀರು, ಒಂದೇ ಒದ್ದೆ ಗೋಣಿ. ಆದರೆ ಮೈ ಗಟ್ಟಿಯಾದ ಮೇಲೆ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಚಿಕ್ಕತಾಯಮ್ಮ ಕೂರುತ್ತಿದ್ದುದು ಅವನ ಮೇಲೆ. ಕಾಲು ಚಾಚಿ, ಮುದ್ದೆ ಮುರಿದು, ದಣಿವನ್ನೆಲ್ಲ ಅವನ ಮೇಲೆ ಇಳಿಸುವಳು. ನನ್ನನ್ನು ಅಂಗೈಯಲ್ಲಿ ಸವರಿ, "ನೀನು ಹುಸಾರು ಕಣಪ್ಪ" ಎನ್ನುವಳು. ಆ ಜೋಪಾನ ಯಾರಿಗೆ ಬೇಕಿತ್ತು? ಅವನು ಒಡೆದುಹೋಗಲಿ ಎಂದು ದಿನವೂ ಶಪಿಸಿದೆ.

ಕೊನೆಗೆ ರುದ್ರೇಶಣ್ಣ ಇಬ್ಬರ ಮೇಲೂ ಒಂದೇ ಎತ್ತರದಿಂದ ಗುಂಡುಕಲ್ಲು ಬಿಡಿಸಿದ. ಅವನ ಮೂಲೆ ಹಾರಿಹೋಗಿ ಸರಳು ಇಣುಕಿತು. ನಾನೂ ಬಿರುಕು ಬಿಟ್ಟೆ. ಆದರೆ ನಾರು ಒಂದು ಚೂರನ್ನೂ ಉದುರಲು ಬಿಡಲಿಲ್ಲ.

"ಗೆದ್ದೆ ಕಣಮ್ಮಿ," ಎಂದ ರುದ್ರೇಶಣ್ಣ.

ಗೆದ್ದ ನನ್ನನ್ನು ಗೇಟಿನ ಬಳಿ ಗೋಡೆಗೆ ಒರಗಿಸಿ, ಮೈಮೇಲೆ 'ಮಾದರಿ, ಮುಟ್ಟಬೇಡಿ' ಎಂದು ಬರೆಸಿದರು. ಸೋತವನನ್ನು ಚಿಕ್ಕತಾಯಮ್ಮ ಕೇಳಿ ಪಡೆದು, ಬೀದಿಯಾಚೆ ಎದುರಿಗೇ ಇರುವ ತನ್ನ ಮನೆ ಬಾಗಿಲಿಗೆ ಒಯ್ದಳು. "ಕೂತು ಕೂತು ಅಭ್ಯಾಸ ಆಗದೆ" ಅಂದಳು.

ಹದಿನಾಲ್ಕು ವರ್ಷವಾಯಿತು. ನನ್ನ ಬಿರುಕಿನಲ್ಲಿ ಪಾಚಿ ಕಟ್ಟಿದೆ. ನನ್ನಂಥ ಚಪ್ಪಡಿಗಳು ಊರಿನ ಚರಂಡಿಗಳ ಮೇಲೆಲ್ಲ ಮಲಗಿವೆ. ಜನ ತುಳಿದು ಹೋಗುತ್ತಾರೆ. ಅವುಗಳ ಮೇಲೂ ನನಗೆ ಹೊಟ್ಟೆಕಿಚ್ಚು. ಅವನಂತೂ ತುಕ್ಕು ಹಿಡಿದು ಸೀಳು ಬಿಟ್ಟಿದ್ದಾನೆ. ಆದರೂ ಸಂಜೆಯಾದರೆ ಚಿಕ್ಕತಾಯಮ್ಮ ನರೆತ ಕೂದಲು ಬಿಚ್ಚಿಕೊಂಡು ಅವನ ಮೇಲೇ ಕೂರುತ್ತಾಳೆ.

ಇವತ್ತು ಅವಳು ಗೇಟಿನ ಬಳಿ ಏದುಸಿರು ಬಿಡುತ್ತ ನಿಂತಳು. ನನ್ನ ಅಂಚನ್ನು ಹಿಡಿದು ಸುಧಾರಿಸಿಕೊಂಡಳು. ಆಮೇಲೆ ಕೈ ಬಿಟ್ಟು ಬೀದಿ ದಾಟತೊಡಗಿದಳು.

ಅವ್ವಾ, ನನ್ನನ್ನೂ ಒಮ್ಮೆ ನೆಲಕ್ಕೆ ಮಲಗಿಸಿ, ಮೇಲೆ ಕೂತುಕೋ.